ರಸಮಟ್ಟದವನ ಸೊಟ್ಟ ಬಾಗಿಲು

ಆ ಬಡಗಿಯನ್ನು ಎಲ್ಲರೂ ರಸಮಟ್ಟ ಅಂತಲೇ, ಸೊಟ್ಟವೋ ನೆಟ್ಟಗೋ ಅಂತ ನೋಡುವ ಹತಾರದ ಹೆಸರಿನಿಂದಲೇ, ಕರೆಯುತ್ತಿದ್ದರು. ಅವನು ಕೂರಿಸಿದ ಬಾಗಿಲನ್ನು ಅರ್ಧ ತೆರೆದು ಬಿಟ್ಟರೆ ಅರ್ಧಕ್ಕೇ ನಿಲ್ಲಬೇಕು, ಕೂದಲೆಳೆಯಷ್ಟೂ ಅಲ್ಲಾಡಬಾರದು, ಉಸಿರೆತ್ತಬಾರದು. ಹೋಟೆಲಿಗೆ ಹೋದರೂ ಅಲುಗಾಡುವ ಮೇಜಿನ ಕಾಲಿಗೆ ಕಾಗದ ಮಡಚಿಟ್ಟು ಆಮೇಲೆ ಚಹಾಕ್ಕೆ ಹೇಳುವ ಆಸಾಮಿ. ನೆಂಟರ ಮನೆಯಲ್ಲಿ ಗೋಡೆಯ ಪಟ ಸೊಟ್ಟಗಿದ್ದರೆ ಪಟ ಮೊದಲು, ಕ್ಷೇಮಸಮಾಚಾರ ಆಮೇಲೆ. ನಗುವವರು ನಗಲಿ ಬಿಡಿ, ಅಂಥ ಕೈ ಹುಡುಕಿದರೂ ಸಿಗಲಿಕ್ಕಿಲ್ಲ.

ಇಂಥವನ ಮಗಳು ಸೇರಿದ್ದು ಸಿನಿಮಾಕ್ಕೆ ಸೆಟ್ಟಿನ ಮನೆ ಕಟ್ಟುವ ಕೆಲಸಕ್ಕೆ. ಹೊಸ ಮನೆಗೆ ಬಂದಿಳಿದ ಒಂದು ಸಂಸಾರ, ಆ ಮನೆಯಲ್ಲೊಂದು ದೆವ್ವ, ಕತೆ ಅಷ್ಟೇ. ಆದರೆ ಒಂದು ಬಾಗಿಲು ಯಾರೂ ಮುಟ್ಟದೆ, ನರಳಿಕೊಂಡು ತಾನೇ ತೆರೆದುಕೊಳ್ಳಬೇಕು. ತೀರಾ ಹತ್ತಿರದಿಂದ ತೆಗೆಯುವ ದೃಶ್ಯ, ದಾರ ಕಟ್ಟಿ ಎಳೆದರೆ ಕಂಡುಬಿಡುತ್ತದೆ. ಅಪ್ಪ ಮಾಡಿಕೊಡುತ್ತಾರೆ ಅಂತ ಮಗಳು ನಿರ್ದೇಶಕನಿಗೆ ಮಾತು ಕೊಟ್ಟು ಬಂದಳು. ಅವಳಿಗೆ ಸಿಕ್ಕ ಮೊದಲ ಜವಾಬ್ದಾರಿ ಅದು. ತಪ್ಪಿದರೆ ಕೆಲಸ ಹೋಗುತ್ತದೆ ಅನ್ನುವುದು ಇಬ್ಬರಿಗೂ ಗೊತ್ತಿತ್ತು.

ಅವನು ಎರಡು ಬಾಗಿಲು ಮಾಡಿದ. ಎರಡೂ ಬಿಟ್ಟಲ್ಲೇ ನಿಂತವು. ಸೊಟ್ಟ ಕೂರಿಸೋಣ ಅಂತಲೇ ಹೊರಟರೂ ಕೊನೆಯ ತಿರುಪು ಬಿಗಿಯುವಾಗ ಕೈ ತಾನಾಗಿ ಸರಿಮಾಡಿಬಿಡುತ್ತಿತ್ತು. ಕಿರುಗುಟ್ಟಲಿ ಅಂತ ಬೇಕೆಂದೇ ತುಕ್ಕು ಹಿಡಿಸಿದ ಕೀಲುಗಳಿಗೆ ಅಭ್ಯಾಸಬಲದಿಂದ ಎಣ್ಣೆ ಬಿಟ್ಟು, ಆಮೇಲೆ ಹಣೆ ಚಚ್ಚಿಕೊಂಡ. ನಾಳೆ ಸಂಜೆಯೊಳಗೆ ಆಗದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಅಂದ ನಿರ್ದೇಶಕ. ಮಗಳು ಅಪ್ಪನ ಹತಾರಗಳನ್ನು ಚೀಲಕ್ಕೆ ತುಂಬಿದಳು. ಅವಳು ನಾಲ್ಕು ಮಾತು ಬೈದಿದ್ದರೇ ಅವನಿಗೆ ಹಗುರಾಗುತ್ತಿತ್ತು.

ಮನೆಗೆ ಬಂದು ಚಿಲಕ ಸರಿಸಿದ. ಬಾಗಿಲು ಕಿರ್ರ್... ಅಂತ ನರಳುತ್ತ ತಾನೇ ಪೂರ್ತಿ ತೆರೆದುಕೊಂಡಿತು. ಅವನು ಹೊಸಿಲಲ್ಲೇ ನಿಂತುಬಿಟ್ಟ.

ಅದು ಅವನು ಮೊಟ್ಟಮೊದಲು ಮಾಡಿದ ಬಾಗಿಲು. ಮೂವತ್ತು ವರ್ಷದ ಹಿಂದೆ, ಹೊಸದಾಗಿ ಸಂಸಾರ ಹೂಡಿದ ವಾರ, ಅವಸರದಲ್ಲಿ ಕೂರಿಸಿದ್ದು. ಊರಿಗೆಲ್ಲ ಸದ್ದಿಲ್ಲದ ಬಾಗಿಲು ಮಾಡಿಕೊಟ್ಟವನ ಮನೆಗೆ ಇದು! ಯಾರಾದರೂ ಬಂದರೆ ನಾಚಿಕೆಯಿಂದ ಹಿಡಿಯಾಗುತ್ತಿದ್ದ. ರಿಪೇರಿಗೆ ಹೊರಟಾಗಲೆಲ್ಲ ಹೆಂಡತಿ ಅಡ್ಡ ನಿಲ್ಲುತ್ತಿದ್ದಳು. ಆ ಸದ್ದು ಕೇಳಿದರೆ ಗಂಡ ಬಂದ ಅಂತ ಒಳಗಿದ್ದರೂ ಗೊತ್ತಾಗುತ್ತದಂತೆ. ಬೆಕ್ಕಿನ ಹಾಗೆ ಬಂದು ನಿಂತರೆ ಅವಳಿಗೆ ಎದೆ ಧಸಕ್ಕೆನ್ನುತ್ತದಂತೆ.

ಬೆಳಗಾಗುತ್ತಲೇ ಆ ಬಾಗಿಲನ್ನು ನಾಲ್ಕು ದಿನಕ್ಕೆ ಒಯ್ಯಲೇ ಅಂತ ಅವಳನ್ನು ಕೇಳಿದ. ಅವಳು ಬಾಗಿಲ ಜಾಗಕ್ಕೆ ಕಟ್ಟಲು ಒಂದು ಹಳೇ ಹೊದಿಕೆ ತಂದಳು.

"ಮಗಳಿಗೋಸ್ಕರ ಕೊಡ್ತಿದೀನಿ. ಇದ್ದ ಹಾಗೇ ವಾಪಸ್ ತರ್ಬೇಕು. ನಿಮ್ಮ ಬುದ್ಧಿ ತೋರಿಸ್ಬೇಡಿ."

ಹಾಗಂದು ಅವನ ಚೀಲದಿಂದ ರಸಮಟ್ಟವನ್ನು ಎತ್ತಿ ತನ್ನ ಬಳಿಯೇ ಇಟ್ಟುಕೊಂಡಳು.

ಚೌಕಟ್ಟು ಕೀಳುವ ಮುಂಚೆ ಅವನು ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು, ಮೂವತ್ತು ವರ್ಷ ನಾಚಿಕೆಪಟ್ಟ ಆ ವಾರೆಯನ್ನು ಮೊದಲ ಸಲ ಅಳೆದ. ಅರ್ಧ ಅಂಗುಲ. ಸೆಟ್ಟಿನಲ್ಲಿ ಅಷ್ಟನ್ನೇ, ಒಂದು ಗೆರೆ ಹೆಚ್ಚಿಲ್ಲ ಕಮ್ಮಿಯಿಲ್ಲ, ಹಾಗೇ ಕೂರಿಸಿದ. ಇದೆಲ್ಲಿ ಸಿಕ್ಕಿತು ಅಂತ ಕೇಳಿದವರಿಗೆಲ್ಲ ನಾನೇ ಮಾಡಿದ್ದು, ಕೆಟ್ಟದಾಗಿ ಮಾಡಿದ್ದು ಅಂದ. ಹೆಸರುವಾಸಿ ಕೆಲಸಗಾರನೊಬ್ಬ ತನ್ನ ತಪ್ಪನ್ನು ಹೊತ್ತುತಂದು ನಾಲ್ಕು ಜನರ ಮುಂದೆ ನಿಲ್ಲಿಸುವುದಕ್ಕೆ ಎಂಥಾ ಗುಂಡಿಗೆ ಬೇಕು! ಚಿಲಕ ಸರಿಸಿದ್ದೇ ತಡ, ಬಾಗಿಲು ನರಳಿತು, ಮೆಲ್ಲಗೆ ತೆರೆಯಿತು, ದೀಪ ಹಿಡಿದಿದ್ದವನೇ ಎರಡು ಹೆಜ್ಜೆ ಹಿಂದೆ ಸರಿದ. ನಿರ್ದೇಶಕ ಮಗಳ ಬೆನ್ನು ತಟ್ಟಿ, ಮುಂದಿನ ಸಿನಿಮಾಕ್ಕೂ ನೀನೇ ಬಾ ಅಂದ. ಹೆಂಡತಿಗೆ ಹೇಳಿದಂತೆ ಬಾಗಿಲು ನಾಲ್ಕೇ ದಿನಕ್ಕೆ ಮನೆಗೆ ವಾಪಸಾಯಿತು, ಅದೇ ಅರ್ಧ ಅಂಗುಲದ ಸಮೇತ.

ಸಿನಿಮಾ ಬಂದಾಗ ಮೂವರೂ ಮಧ್ಯಾಹ್ನದ ಆಟಕ್ಕೆ ಹೋದರು. ಹೆಂಡತಿ ಕಡಲೆಕಾಯಿ ಸುಲಿಯುತ್ತ ಕೂತಿದ್ದಳು. ಆ ದೃಶ್ಯ ಬಂತು. ಟಾಕೀಸಿಗೆ ಟಾಕೀಸೇ ಉಸಿರು ಬಿಗಿಹಿಡಿದಿತ್ತು. ಚಿಲಕ ಸರಿಯಿತು, ಬಾಗಿಲು ಕಿರ್ರ್... ಅಂತ ನರಳಿತು, ಮುಂದಿನ ಸಾಲಿನಲ್ಲಿ ಯಾರೋ ಕಿಟಾರನೆ ಕಿರುಚಿಕೊಂಡರು. ಹೆಂಡತಿ ಮಾತ್ರ ಸಿಪ್ಪೆಯಿಂದ ತಲೆ ಎತ್ತದೆ, ಮೂವತ್ತು ವರ್ಷದ ರೂಢಿಯಂತೆ ಗಟ್ಟಿಯಾಗಿ ಕೇಳಿದಳು.

"ಬಂದ್ರಾ?"

ಅಕ್ಕಪಕ್ಕದವರು ಗೊಳ್ಳೆಂದರು. ಮಗಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಪಕ್ಕದಲ್ಲೇ ಕೂತಿದ್ದ ರಸಮಟ್ಟ ಹೆಂಡತಿಯ ಕೈ ಹಿಡಿದು, ದಿನಾ ಹೇಳುವ ಹಾಗೆಯೇ ಹೇಳಿದ.

"ಬಂದೆ ಕಣೇ."