ತಮ್ಮನ ತಲೆದೆಸೆಯ ರುಬ್ಬುಗುಂಡು

ಸೊಸೆ ಉದ್ದು ರುಬ್ಬಲು ಹಾಕಿದರೆ ಮುಂಬಯಿ ಪಕ್ಕದ ಠಾಣೆ ಪಟ್ಟಣದಲ್ಲಿ, ವರ್ತಕ ನಗರದ ನಮ್ಮ ಎರಡು ಕೋಣೆಗೂ ಗ್ರೈಂಡರಿನ ಗರಗರ ತುಂಬುತ್ತದೆ, ನೆನೆದ ಉದ್ದಿನ ಹಸಿ ವಾಸನೆಯೂ. ಆಗ ನನಗೆ ಇದೇ ಪಟ್ಟಣದಲ್ಲಿದ್ದ ಅಪ್ಪನ ಸಣ್ಣ ಇಡ್ಲಿ ಹೋಟೆಲಿನ ಹಿಂಬದಿ ಕಾಣುತ್ತದೆ. ಅಮ್ಮ ಒಂದು ಕೈಯಲ್ಲಿ ಗುಂಡು ತಿರುಗಿಸುತ್ತ, ಇನ್ನೊಂದರಲ್ಲಿ ಹಿಟ್ಟು ನೂಕುತ್ತ ಕೂತಿರುತ್ತಿದ್ದಳು. ಪಕ್ಕದ ಗೋಣಿಯ ಮೇಲೆ ಐದು ತಿಂಗಳ ತಮ್ಮ. ಕಲ್ಲು ತಿರುಗಿದರೆ ನಿದ್ದೆ, ನಿಂತರೆ ಅಳು. ಅವನಿಗಾಗಿ ಅಮ್ಮ ಬರಿಗಲ್ಲು ತಿರುಗಿಸಿದ್ದೂ ಉಂಟು.

"ಕಲ್ಲು ಸವೆದು ಹಿಟ್ಟಿಗೆ ಮರಳು ಬರ್ತದೆ ಮಾರಾಯ್ತಿ, ಗಿರಾಕಿಗಳ ಹಲ್ಲು ಹೋಗ್ತದೆ" ಎಂದು ಅಪ್ಪ ಬೈಯುತ್ತಿದ್ದರು.

"ಹೋಗ್ಲಿ. ನಿಮ್ಮ ಇಡ್ಲಿ ತಿನ್ಲಿಕ್ಕೆ ಹಲ್ಲು ಯಾಕೆ?"

ಜ್ವರ ಬಂದು ಮೂರೇ ದಿನಕ್ಕೆ ತಮ್ಮ ಹೋದ. ಹಲ್ಲು ಬಾರದ ಮಕ್ಕಳನ್ನು ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತಾರೆ. ಊರಲ್ಲಾದರೆ ಹಿತ್ತಲಿತ್ತು. ಇಲ್ಲಿ ಹೋಟೆಲು ಬಿಟ್ಟರೆ ರಸ್ತೆ. ನಾಲ್ಕು ಗಲ್ಲಿ ಆಚೆ ಬ್ರಿಟಿಷರ ಹಳೆಯ ಸ್ಮಶಾನವಿತ್ತು. ಅದರ ಕಾವಲುಗಾರ ದಿನಾ ನಮ್ಮಲ್ಲೇ ಚಹಾ ಕುಡಿಯುವವನು. "ಇಲ್ಲಿಗೇ ತನ್ನಿ ಅಣ್ಣಾ, ಸಾಹೇಬರ ಮಕ್ಕಳೂ ಇದ್ದಾರೆ" ಎಂದು ಗೋಡೆಯ ಮೂಲೆ ತೋರಿಸಿದ. ನೀರಿನ ಚೆಂಬು ಹಿಡಿದು ನಾನು ಹೋದೆ, ಆಗ ನನಗೆ ಎಂಟು ವರ್ಷ. ಸುತ್ತ ನಮ್ಮವನ ಹಾಗೆಯೇ ಜ್ವರದಲ್ಲಿ ಸತ್ತ ದೊರೆಗಳು, ಅವರ ಹೆಂಡಿರು, ಮಕ್ಕಳು. ಎಲ್ಲರ ಮೇಲೂ ಹೆಸರು ಕೆತ್ತಿದ ಕಲ್ಲು. ನಾಯಿ ಕೆದಕುತ್ತವೆ, ಭಾರದ್ದೇನಾದರೂ ಇಡಿ ಎಂದ ಕಾವಲುಗಾರ. ಅಪ್ಪ ಕೈಗಾಡಿಯಲ್ಲಿ ರುಬ್ಬುಗುಂಡನ್ನೇ ತಂದರು. ಹಿಂದಿನಿಂದ ನಾನೂ ನೂಕಿದೆ. "ಇದರ ಅಭ್ಯಾಸ ಉಂಟು ಅವನಿಗೆ" ಎಂದರು. ಆಮೇಲೆ ನನ್ನ ಕೈ ಎಳೆದು ತಲೆಯ ಮೇಲಿಟ್ಟುಕೊಂಡು, ಜಾಗ ಅಮ್ಮನಿಗೆ ಹೇಳಬಾರದೆಂದು ಆಣೆ ಹಾಕಿಸಿದರು. ಗೊತ್ತಾದರೆ ಅವಳು ಅಲ್ಲಿಂದ ಏಳಲಿಕ್ಕಿಲ್ಲ ಎಂಬ ಹೆದರಿಕೆ. ಗುಂಡು ಸೀಳಿತು, ಬಿಸಾಡಿದೆ ಎಂದು ಅವಳಿಗೆ ಹೇಳಿದರು.

ಹೊಸ ಗುಂಡು ಬಂತು. "ಇದರ ಸದ್ದು ಬೇರೆ" ಎನ್ನುತ್ತಿದ್ದಳು ಅಮ್ಮ. ಅಪ್ಪ ಇಲ್ಲದಾಗ ನನ್ನನ್ನು ಮೆಲ್ಲಗೆ ಕೇಳುತ್ತಿದ್ದಳು, "ಜಾಗ ಹೇಳು ಮಗಾ. ಒಂದು ಲೋಟ ಹಾಲು ಹೊಯ್ದು ಬರ್ತೇನೆ, ಅಷ್ಟೇ." ಅಪ್ಪ ಹೋದ ಮೇಲೂ ನಾನು ಬಾಯಿ ಬಿಡಲಿಲ್ಲ. ಹಾಸಿಗೆ ಹಿಡಿದಾಗ ಕಡೆಯ ಸಲ ಕೇಳಿದಳು. ನೆನಪಿಲ್ಲ ಎಂದೆ. ಅದು ಆಣೆಗೆ ಹೆದರಿ ಅಲ್ಲ; ಇಷ್ಟು ವರ್ಷ ಮುಚ್ಚಿಟ್ಟಿದ್ದೆ ಎನ್ನಲು ಮುಖವಿರಲಿಲ್ಲ.

ಹೋದ ಸೋಮವಾರ ಒಂದು ಬಾಟಲಿ ಹಾಲು ಹಿಡಿದು ರಿಕ್ಷಾದಲ್ಲಿ ಹೋದೆ. ಸ್ಮಶಾನವನ್ನು ಚೊಕ್ಕ ಮಾಡಿ, ಗೋರಿಕಲ್ಲುಗಳನ್ನು ಕಿತ್ತು ಗೋಡೆಗೆ ಒರಗಿಸಿದ್ದಾರೆ. ಹೆಸರೆಲ್ಲ ಒಂದು ಕಡೆ, ಸತ್ತವರೆಲ್ಲ ಒಂದು ಕಡೆ. ನಮ್ಮ ಮೂಲೆಯೇ ಇರಲಿಲ್ಲ. ಗೋಡೆ ಒಳಗೆ ಸರಿದು ಅಲ್ಲಿ ರಸ್ತೆಯಾಗಿತ್ತು. ಹೊರಗೆ ಅರಳಿಮರದ ಬುಡದಲ್ಲಿ ಹೆಂಗಸರು ಸಾಲು ನಿಂತು ಲಿಂಗಕ್ಕೆ ಹಾಲು ಹೊಯ್ಯುತ್ತಿದ್ದರು. ಹತ್ತಿರ ಹೋಗಿ ನೋಡಿದೆ. ನೆತ್ತಿಯಲ್ಲಿ ಮರದ ಹಿಡಿ ಸಿಕ್ಕಿಸುವ ತೂತು. ನಮ್ಮದೇ ಗುಂಡು. ತೂತಿನ ತುಂಬ ಹಾಲು ನಿಂತಿತ್ತು.

"ರಸ್ತೆ ಅಗೆಯುವಾಗ ತಾನೇ ಎದ್ದು ಬಂದ ದೇವರು, ಆಜಿ" ಎಂದಳು ಒಬ್ಬಳು ಮರಾಠಿಯಲ್ಲಿ. "ಹೊಯ್ಯಿರಿ, ನಿಮ್ಮ ಸರದಿ."

ಅಮ್ಮನ ಪಾಲಿನದು ಹೊಯ್ದೆ. ಆಮೇಲೆ ಎರಡೂ ಕೈಯಿಂದ ಗುಂಡನ್ನು ಹಿಡಿದು ತಿರುಗಿಸಲು ನೋಡಿದೆ.

"ಆಜಿ, ಹಾಗೆ ಹಿಡೀಬಾರದು. ದೇವರು ಅದು."

ಇನ್ನೊಮ್ಮೆ ನೂಕಿದೆ. ಬುಡಕ್ಕೆ ಸಿಮೆಂಟು ಹಾಕಿದ್ದರು. ತಿರುಗಲಿಲ್ಲ.