ಗುಹೆಯ ಮೇಲೆ ಮಲಗುವ ಗೌಸಮೊದ್ದೀನ

ಬೆಂಗೇರಿಯ ಆ ಗೋದಾಮಿನ ಬಾಗಿಲು ಬೆಳಕು ಹರಿಯುವ ಮೊದಲೇ ತೆರೆದಿರುತ್ತದೆ. ಒಳಗಿನಿಂದ ಟೊಂಯ್, ಟೊಂಯ್ ಎಂಬ ಸದ್ದು. ಹಾಲು ಹಾಕುವವರಿಗೆ ಇದು ರೂಢಿಯಾಗಿದೆ. ಹೊಸಬರು ಮಾತ್ರ ಯಾರೋ ಒಂದೇ ತಂತಿಯ ವಾದ್ಯ ಹಿಡಿದು ರಿಯಾಜಿಗೆ ಕುಳಿತಿದ್ದಾರೆಂದು ಇಣುಕುತ್ತಾರೆ. ಧಾರವಾಡದ ಮಗ್ಗುಲಲ್ಲಿ ಇರುವವರಿಗೆ ಅಂಥ ಅನುಮಾನ ಬಂದರೆ ತಪ್ಪೇನಿಲ್ಲ.

ಇಣುಕಿದವರಿಗೆ ಕಾಣುವುದು ಗವಾಯಿಯಲ್ಲ, ಗಾದಿ ಮಾಡುವ ಗೌಸಮೊದ್ದೀನ ನದಾಫ. ಕುಕ್ಕರಗಾಲಲ್ಲಿ ಕುಳಿತು, ಮರದ ಕೊಡತಿಯಿಂದ ಬಿಲ್ಲಿನ ತಂತಿ ಮೀಟುತ್ತ ಅರಳೆ ಹಿಂಜುತ್ತಿದ್ದಾರೆ. ಹುಬ್ಬು, ಮೀಸೆ, ಕಿವಿಯ ಮೇಲಿನ ಕೂದಲು ಎಲ್ಲವೂ ಬೆಳ್ಳಗಾಗಿವೆ. ಅದರಲ್ಲಿ ಅರಳೆ ಎಷ್ಟು, ವಯಸ್ಸು ಎಷ್ಟು ಎಂದು ಹೇಳುವುದು ಕಷ್ಟ. ಅವರ ಬೆನ್ನ ಹಿಂದೆ ಕಪ್ಪಗೆ ಒಂದು ಗುಡ್ಡ ಬಿದ್ದುಕೊಂಡಿದೆ. ಅದಕ್ಕೊಂದು ಬಾಯಿ, ಬಾಯಿಯೊಳಗೆ ಕತ್ತಲೆ.

ಅದು ಗುಹೆ. ಸಿನಿಮಾದ ಗುಹೆ. ಹೊರಗೆ ಬಿದಿರು, ಗೋಣಿತಟ್ಟು. ಒಳಗೆ ಸುತ್ತಲೂ ಗಾದಿ. ಗಾದಿಯ ಮೇಲೆ ಮಣ್ಣು, ಅಂಟು, ಕಪ್ಪು ಬಣ್ಣ ಬಳಿದು ಬಂಡೆಯ ರೂಪ ಕೊಟ್ಟಿದ್ದಾರೆ. ಹಿಂದಿನ ದಿನದ ಚಿತ್ರೀಕರಣದಲ್ಲಿ ನಟಿ ತೆವಳಿ ತೆವಳಿ ಒಳಗಿನ ಅರಳೆ ಬಿಗಿದುಕೊಂಡಿರುತ್ತದೆ. ದಿನಾ ಬೆಳಿಗ್ಗೆ ಹೊಲಿಗೆ ಬಿಚ್ಚಿ, ಅರಳೆಯನ್ನು ಹೊರಗೆ ತೆಗೆದು, ಹಿಂಜಿ, ಮತ್ತೆ ತುಂಬಬೇಕು.

“ಅರಳಿ ಒಮ್ಮಿ ಗಟ್ಟಿ ಆತಂದ್ರ ಕಲ್ಲ ಆಗ್ತದ್ರಿ,” ಎನ್ನುತ್ತಾರೆ. “ನೋಡಾಕ ಕಲ್ಲ ಇರಬೇಕು, ಮುಟ್ಟಾಕ ಕಲ್ಲ ಇರಬಾರದು. ಇಷ್ಟ ನನ್ನ ಕೆಲಸ.”

ಅಷ್ಟೇ ಕೆಲಸವಾಗಿದ್ದರೆ ಈ ಬರಹವನ್ನು ಇಲ್ಲಿಗೇ ಮುಗಿಸಬಹುದಿತ್ತು.

ಗೌಸಮೊದ್ದೀನರ ಅಪ್ಪ, ಅಜ್ಜ ಹೆಗಲ ಮೇಲೆ ಬಿಲ್ಲು ಹೊತ್ತು ಊರೂರು ತಿರುಗಿದವರು. ಇವರು ಬೆಂಗೇರಿಯಲ್ಲಿ ಅಂಗಡಿ ಹಾಕಿ ಕುಳಿತರು. ಫೋಮ್ ಗಾದಿ ಬಂದ ಮೇಲೆ ಗಿರಾಕಿಗಳು ಕಡಿಮೆಯಾದರು. ಈಗ ಲಗ್ನದ ಹಂಗಾಮಿನಲ್ಲಿ ಮಾತ್ರ ಕೈತುಂಬ ಕೆಲಸ. ಹೆಂಡತಿ ನೂರಜಹಾನ ಗಾದಿಯ ಹೊರಚೀಲ, ಅಂದರೆ ಖೋಲು ಹೊಲಿಯುತ್ತಾರೆ, ಇವರು ತುಂಬುತ್ತಾರೆ. ಸಿನಿಮಾ ನೋಡುವ ಚಟ ಇಬ್ಬರಿಗೂ ಇಲ್ಲ. ಅದರಲ್ಲೂ ಹೆದರಿಸುವ ಸಿನಿಮಾ ಎಂದರೆ ನೂರಜಹಾನ ಕೈಮುಗಿಯುತ್ತಾರೆ. “ಕರೆಂಟ್ ಬಿಲ್ ನೋಡಿದ್ರ ಸಾಕಲ್ರಿ,” ಎನ್ನುವುದು ಅವರ ವಾದ.

ಇಂಥ ಮನೆಯ ಬಾಗಿಲಿಗೆ ಶ್ರೀರಂಗ ಬಂದು ನಿಂತಿದ್ದೇ ಒಂದು ತಮಾಷೆ. ಶ್ರೀರಂಗ ಧಾರವಾಡದ ಮಾಸ್ತರರ ಮನೆತನದವರು, ಈಗ ಮೊದಲ ಸಿನಿಮಾ ನಿರ್ದೇಶಿಸುತ್ತಿದ್ದಾರೆ. ಗುಹೆಯೊಳಗೆ ಹೋಗಿ ಮರಳದ ಅಕ್ಕನನ್ನು ಹುಡುಕುತ್ತ ಹೋಗುವ ತಂಗಿಯ ಕಥೆ. ಅದರಲ್ಲಿ ದೆವ್ವವಿಲ್ಲ, ಭೂತವಿಲ್ಲ. ಹಾಗಾದರೆ ಹೆದರಿಕೆ ಎಲ್ಲಿಂದ ಬರಬೇಕು?

“ದೆವ್ವ ತೋರಿಸಿದ್ರ ಜನ ಅದರ ಬಣ್ಣ, ಹಲ್ಲು ನೋಡ್ಕೋತ ಕೂಡ್ತಾರ,” ಎನ್ನುತ್ತಾರೆ ಶ್ರೀರಂಗ. “ಸಂದ್ಯಾಗ ಸಿಕ್ಕೊಂಡ ಮನಷ್ಯಾನ್ನ ತೋರಿಸಿದ್ರ ತಮ್ಮ ಪಕ್ಕೆಲುಬಿನ ನೆನಪಾಗ್ತದ. ಹೊಳ್ಳಾಕ ಜಾಗ ಇಲ್ಲ, ಹಿಂದ ನೋಡಾಕ ಬರೂದಿಲ್ಲ, ಹಣಿ ಮ್ಯಾಲಿನ ಬ್ಯಾಟರಿ ತೋರಿಸಿದಷ್ಟ ಜಗತ್ತು. ಅದಕ್ಕಿಂತ ದೊಡ್ಡ ದೆವ್ವ ಯಾಕ ಬೇಕು?”

ಮಾತೇನೋ ಸರಿ. ಆದರೆ ಪ್ಲಾಸ್ಟರಿನಲ್ಲಿ ಕಟ್ಟಿದ ಮೊದಲ ಗುಹೆ ನಟಿಯ ಮೊಣಕೈ ಚರ್ಮವನ್ನು ಸುಲಿದುಬಿಟ್ಟಿತು. ತಂಗಿಯ ಪಾತ್ರದ ಋತುಜಾ ಸಪ್ತಾಪುರದಲ್ಲಿ ಬಾಡಿಗೆ ಕೋಣೆ ಹಿಡಿದು ಓದುತ್ತಿರುವ ಹುಡುಗಿ, ನಾಟಕದಲ್ಲಿ ಪಳಗಿದವಳು. ಆಕೆಗೆ ನೋವಾಗದಂತೆ ಒಳಗೆ ತೆಳ್ಳಗೆ ಗಾದಿ ಹೊದಿಸಿಕೊಡಿ ಎಂದು ಶ್ರೀರಂಗ ಗೌಸಮೊದ್ದೀನರಿಗೆ ಹೇಳಿ ಹೋದರು.

ತೆಳ್ಳಗೆ! ಗಾದಿ ಮಾಡುವವರಿಗೆ ಹೇಳಬಾರದ ಮಾತೊಂದಿದ್ದರೆ ಅದು ಇದೇ. ಅರಳೆಯಲ್ಲಿ ಕೈ ಬಿಗಿಹಿಡಿದ ಎಂಬ ಹೆಸರು ಬಂದರೆ ಲಗ್ನದ ಗಿರಾಕಿಗಳು ಮತ್ತೆ ಆ ಅಂಗಡಿಯ ಮುಖ ನೋಡುವುದಿಲ್ಲ. ಗೌಸಮೊದ್ದೀನ ಮದುಮಕ್ಕಳ ಗಾದಿಗೆ ತುಂಬಿದಂತೆ ತುಂಬಿಬಿಟ್ಟರು. ಗುಹೆ ಅರ್ಧಕ್ಕರ್ಧ ಮುಚ್ಚಿಹೋಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಈ ಹಾಸಿಗೆಯಲ್ಲಿ ಕಾಲು ಚಾಚುವ ಮಾತೇ ಉಳಿಯಲಿಲ್ಲ.

ಶ್ರೀರಂಗ ಬಂದವರೇ ತಲೆಯ ಮೇಲೆ ಕೈಯಿಟ್ಟುಕೊಂಡರು. ಬಯ್ಯುವುದಕ್ಕೆ ಮುಂಚೆ ಒಮ್ಮೆ ಒಳಗೆ ಹೋಗಿ ನೋಡೋಣವೆಂದು ತಾವೇ ತೆವಳಿದರು. ಹೊರಗೆ ಬಂದಾಗ ಮುಖದಲ್ಲಿ ರಕ್ತವಿರಲಿಲ್ಲ. ಗುಹೆ ಎಂದರೆ ಕೂಗಿದ್ದು ಮರಳಿ ಕೇಳಬೇಕು ಎಂದೇ ಅವರು ಅಂದುಕೊಂಡಿದ್ದರು. ಇಲ್ಲಿ ಕೂಗಿದ್ದನ್ನು ಅರಳೆ ನುಂಗುತ್ತಿತ್ತು. ಒಳಗೆ ಉಳಿದದ್ದು ತಮ್ಮದೇ ಉಸಿರು, ತಮ್ಮದೇ ಎದೆಬಡಿತ. “ಇದ ಬೇಕಾಗಿತ್ತು ಕಾಕಾ, ಮುಟ್ಟಬ್ಯಾಡ್ರಿ,” ಎಂದರು. ತಪ್ಪು ಮಾಡಿ ಹೊಗಳಿಸಿಕೊಂಡದ್ದು ಜೀವನದಲ್ಲಿ ಅದೊಂದೇ ಸಲ ಎಂದು ಗೌಸಮೊದ್ದೀನ ನಗುತ್ತಾರೆ.

ಅಲ್ಲಿಂದ ಅವರಿಗೆ ಇನ್ನೊಂದು ಕೆಲಸ ಅಂಟಿಕೊಂಡಿತು. ಕಥೆಯ ಕೊನೆಯಲ್ಲಿ ಗುಹೆಯ ಛಾವಣಿ ನಿಧಾನವಾಗಿ ಕೆಳಗಿಳಿದು ಹುಡುಗಿಯ ಬೆನ್ನು ಒತ್ತಬೇಕು. ಯಾರಾದರೂ ಮೇಲಿನ ಗಾದಿಯ ಮೇಲೆ ಬೋರಲು ಮಲಗಿ ಮೈಭಾರ ಬಿಡುತ್ತ ಹೋಗಬೇಕು. ಅರಳೆಯನ್ನು ಒತ್ತುವುದೇ ಕಸುಬಾದವರು ಇರುವಾಗ ಬೇರೆಯವರನ್ನು ಎಲ್ಲಿ ಹುಡುಕುವುದು? ತೆರೆಯ ಮೇಲೆ ಬಂಡೆ ಇಳಿಯುತ್ತದೆ, ಆ ಬಂಡೆ ಗೌಸಮೊದ್ದೀನ.

ಕಳೆದ ವಾರ ಅನಾಹುತವಾದದ್ದು ಇಲ್ಲೇ. ಕೆಳಗೆ ಋತುಜಾ, ಮೇಲೆ ಗೌಸಮೊದ್ದೀನ, ನಡುವೆ ಒಂದು ಗಾದಿ. ಆಕೆ “ಅಕ್ಕಾ” ಎಂದು ಕೂಗುತ್ತಾಳೆಂದು ಮೊದಲೇ ಹೇಳಿದ್ದರು. ಕೂಗಿದಳು. ಆದರೆ ಆ ದನಿ ಕೇಳಿದ್ದೇ ತಡ ಗೌಸಮೊದ್ದೀನರಿಗೆ ಹೇಳಿದ್ದೆಲ್ಲ ಮರೆತುಹೋಯಿತು. ಹಾರಿ ಎದ್ದು ಗಾದಿಯನ್ನು ಎತ್ತಿ ಒಗೆದರು. ಗುಹೆಯೊಳಗೆ ಗೋದಾಮಿನ ಬೆಳಕೆಲ್ಲ ಸುರಿಯಿತು.

ಋತುಜಾ ಎದ್ದು ಕುಳಿತಳು. ಕಣ್ಣಲ್ಲಿ ನೀರು, ಮುಖದಲ್ಲಿ ಸಿಟ್ಟು. “ಕಾಕಾ, ಯಾಕ ಎತ್ತಿದ್ರಿ? ಇಷ್ಟ ದಿನಕ್ಕ ಈಗಷ್ಟ ಸರಿಯಾಗಿ ಬಂದಿತ್ತು!”

ಆಕೆಗೆ ಏನೂ ಆಗಿರಲಿಲ್ಲ. ನಟಿಸುತ್ತಿದ್ದಳು, ಅಷ್ಟೇ. ಶ್ರೀರಂಗ ಬಯ್ಯಲಿಲ್ಲ, ಮುಖ ತಿರುಗಿಸಿಕೊಂಡು ಹೋದರು. ಬೈದಿದ್ದರೆ ವಾಸಿಯಿತ್ತು ಎನ್ನುತ್ತಾರೆ ಗೌಸಮೊದ್ದೀನ. ಸಂಜೆಯ ಹೊತ್ತಿಗೆ ಹೊಸ ಏರ್ಪಾಟು ಗೊತ್ತಾಯಿತು: ಇನ್ನು ಮೇಲೆ ಹಲಗೆ, ಅದರ ಮೇಲೆ ಉಸುಕಿನ ಚೀಲ. ಕಾಕಾ ಅರಳೆ ಹಿಂಜಿಕೊಟ್ಟರೆ ಸಾಕು.

ಅವತ್ತು ಮನೆಯಲ್ಲಿ ಅವರಿಗೆ ಊಟ ಸೇರಲಿಲ್ಲ. ಕೆಲಸದಿಂದ ಇಳಿಸಿದ್ದಕ್ಕಿಂತ ಹೆಚ್ಚಾಗಿ, ಆ ಉಸುಕಿನ ಚೀಲದ ಕೆಳಗೆ ಹುಡುಗಿ ಖರೇನೇ ಸಿಕ್ಕಿಕೊಂಡರೆ ಯಾರು ಎತ್ತುತ್ತಾರೆ ಎಂಬ ಹೆದರಿಕೆ. ನೂರಜಹಾನ ರೊಟ್ಟಿ ಮುಂದಿಟ್ಟು ಒಂದೇ ಮಾತು ಹೇಳಿದರಂತೆ: “ಎತ್ತಲಾರದ ತಪ್ಪಿಗಿಂತ ಎತ್ತಿದ ತಪ್ಪ ಛಲೋ. ಉಣ್ರಿ.”

ಮರುದಿನ ಹಲಗೆಯ ಕೆಳಗೆ ತೆವಳಿದ ಋತುಜಾ ಒಳಹೊಕ್ಕಷ್ಟೇ ವೇಗದಲ್ಲಿ ಹಿಂದೆ ಸರಿದು ಹೊರಗೆ ಬಂದಳು.

“ನಾ ಒಲ್ಲೆ ಸರ. ಹಲಗಿಗೆ ಕಿವಿ ಇಲ್ಲ. ಕಾಕಾ ಮ್ಯಾಲಿದ್ರ ಅಷ್ಟ ಹೋಗ್ತೇನಿ.”

ಶ್ರೀರಂಗ ಒಪ್ಪಿದರು. ಆದರೆ ಆಕೆ ಕಾಕಾನಿಗೂ ಒಂದು ಷರತ್ತು ಹಾಕಿದಳು. ನೂರಜಹಾನರ ಹಳೆಯ ಸೀರೆಯಿಂದ ಹರಿದ ಪಟ್ಟಿಯ ಒಂದು ತುದಿ ತನ್ನ ಕಾಲಿಗೆ, ಇನ್ನೊಂದು ತುದಿ ಕಾಕಾನ ಮಣಿಕಟ್ಟಿಗೆ. ತಾನು ಜಗ್ಗಿದರೆ ಎತ್ತಬೇಕು, ಜಗ್ಗದಿದ್ದರೆ ಎಷ್ಟು ಕೂಗಿದರೂ ಎತ್ತಬಾರದು.

“ಕಾಲ ಸೆಟದ ಹೋಗಿ ಜಗ್ಗಾಕ ಆಗಲಿಲ್ಲಂದ್ರ ಏನ ಮಾಡಲೆವ್ವಾ?” ಎಂದು ಗೌಸಮೊದ್ದೀನ ಕೇಳಿದರು.

ಋತುಜಾ ಪಟ್ಟಿಯ ಗಂಟನ್ನು ಬಿಗಿದಳು. “ಆವಾಗ ನಿಮಗ ತಿಳೀತದ ಕಾಕಾ,” ಎಂದಳು.

ಈ ಮಾತು ಧೈರ್ಯ ಕೊಡುವಂಥದ್ದೋ ಕಸಿಯುವಂಥದ್ದೋ ಅವರಿಗೆ ಇನ್ನೂ ಬಗೆಹರಿದಿಲ್ಲ. ಅದೇ ದೃಶ್ಯದ ಮರುಚಿತ್ರೀಕರಣ ಇವತ್ತೇ ಇದೆ. ಬೆಳಿಗ್ಗೆಯಿಂದ ಕೊಡತಿಯ ಪೆಟ್ಟು ಒಂದಿಷ್ಟು ಜೋರಾಗಿಯೇ ಬೀಳುತ್ತಿದೆ.

ಬಿಸಿಲೇರುವ ಹೊತ್ತಿಗೆ ಎಲ್ಲ ಸಿದ್ಧ. ಋತುಜಾ ಹಣೆಗೆ ಬ್ಯಾಟರಿ ಕಟ್ಟಿಕೊಂಡು ಒಳಗೆ ಜಾರುತ್ತಾಳೆ. ಗೌಸಮೊದ್ದೀನ ಏಣಿ ಹತ್ತಿ, ಪಟ್ಟಿಯನ್ನು ಕೈಗೆ ಸುತ್ತಿ, ಗಾದಿಯ ಮೇಲೆ ಬೋರಲು ಮಲಗುತ್ತಾರೆ. ಶ್ರೀರಂಗ ಕ್ಯಾಮೆರಾದ ಪರದೆಯ ಮುಂದೆ ಕುಳಿತಿದ್ದಾರೆ. ಸದ್ದಡಗುತ್ತದೆ.

ಮೊದಲು ಮೊಣಕೈ, ಆಮೇಲೆ ಎದೆ, ಆಮೇಲೆ ಹೊಟ್ಟೆ. ಭಾರ ಇಳಿಯುತ್ತದೆ. ಗೌಸಮೊದ್ದೀನರ ಕೆನ್ನೆ ಗಾದಿಗೆ ಒತ್ತಿಕೊಂಡಿದೆ. ಕೆಳಗಿನ ಉಸಿರು ಅರಳೆಯನ್ನು ದಾಟಿ ಸಣ್ಣಗೆ ಕೇಳುತ್ತಿದೆ. ಅದು ಚಿಕ್ಕದಾಗುತ್ತದೆ, ತಡೆಯುತ್ತದೆ. ಆಮೇಲೆ ಕೂಗು. ಕಳೆದ ವಾರದ್ದೇ ಕೂಗು, ಅದಕ್ಕಿಂತ ಕೆಟ್ಟದ್ದು. ಅವರ ಕಣ್ಣು ಮಣಿಕಟ್ಟಿನ ಮೇಲಿದೆ. ಪಟ್ಟಿ ಅಲುಗುವುದಿಲ್ಲ. ಮತ್ತೊಂದು ಕೂಗು. ಪಟ್ಟಿ ಅಲುಗುವುದಿಲ್ಲ. ಅವರ ತುಟಿ ಮಾತ್ರ ಏನನ್ನೋ ಬೇಡುತ್ತಿದೆ. ಎದ್ದುಬಿಡು ಎನ್ನುತ್ತಿರುವ ಮೈಯನ್ನು ಅವರು ಹಲ್ಲುಕಚ್ಚಿ ಹಿಡಿದುಕೊಂಡಿದ್ದಾರೆ.

“ಕಟ್!”

ಮಾತು ಮುಗಿಯುವ ಮೊದಲೇ ಗಾದಿ ಮೇಲೆದ್ದಿರುತ್ತದೆ. ಋತುಜಾ ಬೆವರಲ್ಲಿ ತೊಯ್ದು ಹೊರಗೆ ಬರುತ್ತಾಳೆ, ನಗುತ್ತಿದ್ದಾಳೆ. ಗೌಸಮೊದ್ದೀನ ಆಕೆಯ ತಲೆ ಮುಟ್ಟಿ ನೋಡುತ್ತಾರೆ, ಮೊಣಕೈ ಮುಟ್ಟಿ ನೋಡುತ್ತಾರೆ. ಆಮೇಲೆ ಅಲ್ಲೇ ಕುಸಿದು ಕುಳಿತು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಳ್ಳುತ್ತಾರೆ. ಅತ್ತದ್ದನ್ನು ಆಮೇಲೆ ಕೇಳಿದರೆ ಅವರು ಮುಚ್ಚಿಡುವುದಿಲ್ಲ.

ಶ್ರೀರಂಗ ಅವರನ್ನು ಕರೆದು ಪರದೆಯಲ್ಲಿ ದೃಶ್ಯ ತೋರಿಸುತ್ತಾರೆ. ಹುಡುಗಿಯ ಬೆನ್ನ ಮೇಲೆ ಬಂಡೆ ಇಳಿದು ಬರುತ್ತಿದೆ. ಇಳಿಯುತ್ತ ಸಣ್ಣಗೆ ನಡುಗುತ್ತಿದೆ. ನೋಡಿದವರ ಕೈಯ ರೋಮ ಎದ್ದು ನಿಲ್ಲುತ್ತದೆ.

“ಕಾಕಾ, ಹಿಂಗ ನಡಗಿಸ್ರಿ ಅಂತ ನಾ ಹೇಳಿರಲಿಲ್ಲ. ಹೆಂಗ ಮಾಡಿದ್ರಿ?”

“ನಾ ಏನೂ ಮಾಡಿಲ್ರಿ ಸರ. ನನ್ನ ಮೈ ನಡಗಾಕತ್ತಿತ್ತು.”

ಸಿನಿಮಾ ತೆರೆಗೆ ಬಂದಾಗ ನೂರಜಹಾನರನ್ನು ಕರೆದುಕೊಂಡು ಹೋಗುತ್ತೀರಾ ಎಂದು ಕೇಳಿದರೆ ಗೌಸಮೊದ್ದೀನ ತಲೆಯಾಡಿಸುತ್ತಾರೆ, ಬೇಡ. ಹೆಂಡತಿ ಹೆದರುತ್ತಾಳೆಂದೇ? ಅಲ್ಲವಂತೆ, ತಾವೇ ಕೂರಲಾರರಂತೆ. ಒಳಗೆ ಸಿಕ್ಕಿಕೊಂಡ ಹುಡುಗಿಗಿಂತ ಮೇಲಿದ್ದು ಕೂಗು ಕೇಳುವವನಿಗೇ ಹೆದರಿಕೆ ಹೆಚ್ಚು ಎಂದು ಅವರಿಗೆ ಇವತ್ತು ಗೊತ್ತಾಗಿದೆ.

“ನನಗರ ಎತ್ತಾಕ ಒಂದ ಗಾದಿ ಇತ್ರಿ,” ಎನ್ನುತ್ತಾರೆ. “ಥೇಟರನ್ಯಾಗ ಕುಂತಾವ್ರು ಏನ ಎತ್ತಬೇಕು? ಪಾಪ ಅವರು.”