ತೊದಲಿಗೆ ಉತ್ತರ ಕೊಟ್ಟ ಸೋಮಮ್ಮನವರು

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ನಮ್ಮ ಸೀಮೆಯಲ್ಲಿ ಶಿಕ್ಷಣದ ಬಗ್ಗೆ ಭಾಷಣ ಮಾಡಿದವರು ಬಹಳ ಮಂದಿ. ಮೂರು ವರ್ಷದ ಮಗುವೊಂದು ಮಾತಾಡುವಾಗ ಬಾಯಿ ಮುಚ್ಚಿಕೊಂಡು ಕೇಳಿದವರು ತೀರ ಕಡಿಮೆ. ಆ ಕಡಿಮೆ ಮಂದಿಯ ಮೊದಲ ಸಾಲಿನಲ್ಲಿ ನಿಲ್ಲಬೇಕಾದವರು ಬೆಳಗೊಳದ ಅಂಗನವಾಡಿ ಕಾರ್ಯಕರ್ತೆ ಶ್ರೀಮತಿ ಸೋಮಮ್ಮನವರು. ಮೂರು ದಶಕಗಳಿಗೂ ಮಿಕ್ಕಿದ ಸೇವೆಯಿಂದ ಅವರು ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ, ಅವರ ಗೌರವಾರ್ಥ ಹೊರಬರುತ್ತಿರುವ ಸಂಪುಟಕ್ಕೆ ಬರೆಯುವ ಅವಕಾಶ ನನಗೆ ಒದಗಿದ್ದು ಪಾಂಡವಪುರದ ನಮ್ಮ ಓದು ಬಳಗದ ಒಡನಾಟದಿಂದ. ಅವರನ್ನು ಮಮತಾಮಯಿ, ಸಹನಾಮೂರ್ತಿ ಎಂದು ಕರೆದು ಶಾಲು ಹೊದಿಸಿ ಕೂರಿಸುವ ಸುಲಭದ ದಾರಿ ನನಗೆ ಒಪ್ಪಿಗೆಯಿಲ್ಲ. ಸೋಮಮ್ಮನವರು ಜಗಳ ಮಾಡಿದವರು. ಆ ಜಗಳ ಯಾವ ಪತ್ರಿಕೆಯಲ್ಲೂ ಸುದ್ದಿಯಾಗಲಿಲ್ಲ, ಅಷ್ಟೆ.

ಹೊಣಕೆರೆಯ ರೈತರ ಮನೆಯಲ್ಲಿ ಹುಟ್ಟಿ, ಬೆಳಗೊಳಕ್ಕೆ ಸೊಸೆಯಾಗಿ ಬಂದು, ಅಲ್ಲಿಯೇ ಕೆಲಸಕ್ಕೆ ಸೇರಿದ ಅವರಿಗೆ ಮೊದಲ ತರಬೇತಿಯಲ್ಲೇ ಒಂದು ಪಾಠವಾಯಿತು. ಮಕ್ಕಳಿಗೆ 'ಆಲು' ಕೊಡುವ ಸಮಯದ ಬಗ್ಗೆ ಅವರು ಎದ್ದು ನಿಂತು ಕೇಳಿದಾಗ, ತರಬೇತಿ ಕೊಡಲು ಬಂದಿದ್ದವರೊಬ್ಬರು "ಹಾಲು ಅನ್ನಿ, ಹಾಲು" ಎಂದು ಸಭೆಯನ್ನೆಲ್ಲ ನಗಿಸಿದರು. ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಆ ತರಬೇತಿ ಮುಗಿಯುವ ತನಕ ಸೋಮಮ್ಮನವರು ಮತ್ತೆ ಬಾಯಿ ತೆರೆಯಲಿಲ್ಲ. ಆದರೆ ಊರಿಗೆ ಮರಳಿದ ಮೇಲೆ ತಮ್ಮ ಅಂಗನವಾಡಿಯಲ್ಲಿ ಅವರು ಜಾರಿಗೆ ತಂದ ಮೊದಲ ಕಾನೂನು ಆ ನಗೆಗೆ ಕೊಟ್ಟ ಉತ್ತರವೇ ಆಗಿತ್ತು. ಮಗು ಏನೇ ಅಂದರೂ ದೊಡ್ಡವರು ನಗುವಂತಿಲ್ಲ, ತಿದ್ದುವಂತಿಲ್ಲ, 'ಇನ್ನೊಂದ್ಸಲ ಏಳು' ಎಂದು ಮತ್ತೆ ಮತ್ತೆ ಹೇಳಿಸಿ ಆಡಿಸುವಂತಿಲ್ಲ. ಉತ್ತರ ಕೊಡಬೇಕು, ಆ ಉತ್ತರದೊಳಗೆ ಸರಿಯಾದ ಪದವಿರಬೇಕು. "ಮಿಸ್, ಬುಗ್ಗಚ್ಚಿ ಬಂತು" ಎಂದು ಓಡಿ ಬಂದ ಮಗುವಿಗೆ "ಗುಬ್ಬಚ್ಚಿ ಬಂತಾ? ಅಂಗಾರೆ ಕಾಳು ಆಕಾನ ಬಾ" ಎನ್ನುವುದು ಅವರ ಪದ್ಧತಿ. ಟಿಕಕಿ, ಲಾಬೆಣ್ಣು, ಪಚಾತಿ, ಆಪಸ್ತ್ರೆ, ಇವೆಲ್ಲ ಅಲ್ಲಿ ಗೌರವದಿಂದ ಬಂದು, ಗೌರವದಿಂದಲೇ ತಮ್ಮಷ್ಟಕ್ಕೆ ತಾವು ಹೊರಟುಹೋಗುತ್ತಿದ್ದವು.

ಮಾಕವಳ್ಳಿಯ ಕಡೆ ಕಬ್ಬು ಕಡಿಯಲು ದೂರದಿಂದ ಬಂದವರ ಮಕ್ಕಳಿಗಾಗಿ ನಮ್ಮ ಬಳಗ ಒಂದು ಚಪ್ಪರ ಹಾಕಿದ್ದಾಗ, ಭಾನುವಾರಗಳಂದು ಸೋಮಮ್ಮನವರು ಬಸ್ಸು ಹಿಡಿದು ಬರುತ್ತಿದ್ದರು. ನಮ್ಮ ಉತ್ಸಾಹಿ ಗೆಳತಿಯೊಬ್ಬರು ಒಂದು ಮಗುವಿನ 'ಅತಿವು' ಎಂಬ ಮಾತನ್ನು 'ಹಸಿವು' ಎಂದು ತಿದ್ದಿಸುತ್ತ ಕೂತಿದ್ದರು. ಸೋಮಮ್ಮನವರು ತಟ್ಟೆ ತಂದು ನಡುವೆ ಇಟ್ಟರು. "ಮಗಿ ಒಟ್ಟೆ ತೋರಿಸ್ತಾ ಅದೆ, ನೀನು ನಾಲ್ಗೆ ನೋಡ್ತಾ ಕೂತಿದ್ದೀಯಲ್ಲ ಕಣವ್ವ. ಮೊದ್ಲು ಊಟಕ್ಕಿಕ್ಕು" ಎಂದರು. ಶಿಕ್ಷಣದ ರಾಜಕೀಯದ ಬಗ್ಗೆ ನಾವು ವರ್ಷಗಟ್ಟಲೆ ಓದಿ ಚರ್ಚಿಸಿದ್ದೆಲ್ಲ ಆ ತಟ್ಟೆಯ ಮುಂದೆ ತೆಪ್ಪಗಾಯಿತು.

ಅವರ ಸೇವೆಯ ಕೊನೆಯ ವರ್ಷಗಳಲ್ಲಿ ಬಂದೊದಗಿದ ಕಷ್ಟವನ್ನು ಇಲ್ಲಿ ಹೇಳಲೇಬೇಕು. ಚಂದ್ರಕಲ ಎಂಬುವರ ನಾಲ್ಕು ವರ್ಷದ ಮಗಳು ಸ್ನೇಹ, ಮೃಗಾಲಯ ನೋಡಿ ಬಂದ ಸಂಭ್ರಮದಲ್ಲಿ "ನಾಳೆ ನಾನು ಮೈತೂರ್ಗೆ ಓಗಿದ್ದೆ, ಆನೆಗೆ ಉಟ್ಟಿಪ್ಪು ಕೊಟ್ಟೆ" ಎಂದಳು. ಅವಳ ಮಾವ ರವೀಂದ್ರ ಅದನ್ನು ಫೋನಿನಲ್ಲಿ ಹಿಡಿದು ಸ್ಟೇಟಸ್ಸಿಗೆ ಹಾಕಿದರು. ಒಂದೇ ದಿನದಲ್ಲಿ ಅದು ಊರೆಲ್ಲ ಸುತ್ತಿತು. ಅಂಗಡಿಯ ಮುಂದೆ, ಬಸ್ಸಿನಲ್ಲಿ, ಡೇರಿಯಲ್ಲಿ, ಎಲ್ಲಿ ಹೋದರೂ "ಏ ಉಟ್ಟಿಪ್ಪು, ಬಾರವ್ವ ಇಲ್ಲಿ, ಇನ್ನೊಂದ್ಸಲ ಏಳು!" ಮಗು ಮೊದಲು ಹೇಳಿತು, ಆಮೇಲೆ ಅವ್ವನ ಸೆರಗು ಹಿಡಿಯಿತು, ಆಮೇಲೆ ಮಾತನ್ನೇ ನಿಲ್ಲಿಸಿಬಿಟ್ಟಿತು. ಮುದ್ದು ಎಂಬ ಹೆಸರಿನಲ್ಲಿ ಒಂದಿಡೀ ಊರು ಸೇರಿ ಒಂದು ಮಗುವಿನ ಬಾಯಿಗೆ ಬೀಗ ಹಾಕಿತು. ಇದನ್ನು ದೌರ್ಜನ್ಯ ಎನ್ನದೆ ಬೇರೆ ಹೆಸರಿನಿಂದ ಕರೆಯಲು ನಾನು ಸಿದ್ಧನಿಲ್ಲ.

"ಮನೇಲೂ ಸೊಲ್ಲೆತ್ತಲ್ಲ ಮಿಸ್, ನೀರು ಬೇಕಂದ್ರೂ ಕೈ ಸನ್ನೆ. ನನ್ ಮಗ್ಳು ಮೂಗಿ ಆಗ್ಬುಟ್ರೆ ಏನ್ ಮಾಡ್ಲಿ?" ಎಂದು ಚಂದ್ರಕಲ ಅತ್ತರು. ಪಟ್ಟಣದ ಶಾಲೆಯೊಂದು ಬಾಯಿ ಬಿಡದ ಮಗುವನ್ನು ಸೇರಿಸಿಕೊಳ್ಳುವುದಿಲ್ಲವೆಂದು ಆಗಲೇ ವಾಪಸ್ಸು ಕಳಿಸಿತ್ತು.

ಆ ಸಂಜೆ ಊರೆಲ್ಲ ಹಾಲು ಹಾಕಲು ಡೇರಿಯಲ್ಲಿ ಸೇರಿದ್ದಾಗ ಸೋಮಮ್ಮನವರು ಹೋಗಿ ಬಾಗಿಲಲ್ಲೇ ನಿಂತರು.

"ಆ ಮಗಿನ ವಿಡಿಯೋ ಯಾರ್ಯಾರ ಫೋನ್ನಾಗದೆ, ತಗೀರಿ. ಈಗ್ಲೇ, ನನ್ ಮುಂದೇನೇ."

ಸ್ನೇಹಳ ತಾತ ಕೆಂಪಣ್ಣನವರು ರೇಗಿದರು. "ಅಯ್ಯೋ ಬುಡವ್ವ, ನನ್ ಮೊಮ್ಮಗ್ಳು ಕಣವ್ವ ಅದು. ಮುದ್ದಿಗೆ ನಕ್ರೆ ಏನ್ ಗಂಟೋಯ್ತದೆ?"

"ಡೇರಿ ಮೀಟಿಂಗ್ನಾಗೆ ನೀನು ಬಾಯ್ ತಗ್ದೇಟ್ಗೆ ಎಲ್ರೂ ಫೋನ್ ಇಡ್ಕಂಡು, ಇನ್ನೊಂದ್ಸಲ ಏಳಣ್ಣ ಅಂತ ನಕ್ರೆ, ನೀನು ಮಾತಾಡೀಯಾ?"

"ಆಗ ಡೇರಿ ಉದ್ಧಾರ ಆಯ್ತದೆ ಬುಡಿ ಮಿಸ್" ಎಂದು ರವೀಂದ್ರ ನಗೆಚಟಾಕಿ ಹಾರಿಸಿದರು. ಎಲ್ಲರೂ ನಕ್ಕರು, ಕೆಂಪಣ್ಣನವರು ನಗಲಿಲ್ಲ. ಅವರೇ ಮೊದಲು ಫೋನು ತೆಗೆದು, "ಎಲ್ಲಿ ಒತ್ಬೇಕ್ಲಾ ಇದ್ನ ಅಳಿಸಾಕೆ?" ಎಂದು ರವೀಂದ್ರನ ಕೈಗಿತ್ತರು. ಸೋಮಮ್ಮನವರು ಅಷ್ಟಕ್ಕೆ ಬಿಡಲಿಲ್ಲ. "ನಾಳೆ ಬೆಳಿಗ್ಗೆಯಿಂದ ಅಂಗನವಾಡಿಗೆ ಬಾ ಕೆಂಪಣ್ಣ. ಕೂತ್ಕೊ, ಕೇಳಿಸ್ಕೊ. ಬಾಯ್ ಮಾತ್ರ ತಗೀಬ್ಯಾಡ."

ಅವರು ಬಂದರು. ದಿನವೂ ಮೂಲೆಯಲ್ಲಿ ಕೂತು ಅವರೆಕಾಯಿ ಬಿಡಿಸಿದರು. ಸ್ನೇಹ ತಾತನಿಗೆ ಬೆನ್ನು ಹಾಕಿ ಕೂರುತ್ತಿದ್ದಳು. ಸೋಮಮ್ಮನವರು ಅವಳ ಸನ್ನೆಗೂ ಪೂರಾ ವಾಕ್ಯದಲ್ಲಿ ಉತ್ತರ ಕೊಡುತ್ತಿದ್ದರು, ಮಾತಾಡೆಂದು ಒಮ್ಮೆಯೂ ಕೇಳಲಿಲ್ಲ. ಬೇಸಿಗೆಯ ಹೊತ್ತಿಗೆ ಅವರೆಕಾಯಿ ಮುಗಿದು ಹುಣಿಸೇಹಣ್ಣು ಬಿಡಿಸುವ ಕಾಲ ಬಂತು. ಮಗು ಮಾತ್ರ ತುಟಿ ಬಿಚ್ಚಲಿಲ್ಲ.

ಬಳಗದ ಚಿತ್ರಪುಸ್ತಕಗಳನ್ನು ಕೊಡಲು ನಾನು ಹೋಗಿದ್ದ ಬೆಳಿಗ್ಗೆ, ಅಭಿ ಎಂಬ ಹುಡುಗ ಬಾಗಿಲಿನಿಂದಲೇ ಕೂಗಿದ: "ಮಿಸ್, ನಮ್ಮಪ್ಪ ಟಾಟ್ಕರ್ ತಂದ!" ಇಷ್ಟು ದಿನ ತಡೆದಿದ್ದ ನಗೆ ಕೆಂಪಣ್ಣನವರ ಬಾಯಿಂದ ಭುಸ್ಸೆಂದು ಹೊರಬಿತ್ತು. ಅಭಿಯ ಮುಖ ಸಣ್ಣಗಾಯಿತು. ಆಗ ಸ್ನೇಹ ಎದ್ದು, ತಾತನ ಎದುರಿಗೆ ಹೋಗಿ ನಿಂತಳು.

"ನದ್ಬ್ಯಾದ ತಾತ! ಅವ್ನು ಏಳ್ತಾವ್ನೆ!"

ಕೆಂಪಣ್ಣನವರ ಕೈಯ ಹುಣಿಸೇಹಣ್ಣು ಕೆಳಗೆ ಬಿತ್ತು. ಎರಡೂ ಕೈ ಚಾಚಿ "ಇನ್ನೊಂ..." ಎಂದವರು ಸೋಮಮ್ಮನವರ ಮುಖ ನೋಡಿ ಅಲ್ಲಿಗೇ ನುಂಗಿಕೊಂಡರು. "ಇಲ್ಲ ಕಣವ್ವ, ನಗಲ್ಲ" ಎಂದರು. ಸೋಮಮ್ಮನವರು ಚಪ್ಪಾಳೆ ತಟ್ಟಲಿಲ್ಲ, ಮಗುವನ್ನು ಎತ್ತಿ ಮುದ್ದಾಡಲಿಲ್ಲ. "ಊ ಸ್ನೇಹ, ಅಭಿ ಏಳ್ತಾವ್ನೆ. ಏಳಪ್ಪ ಅಭಿ, ನಿಮ್ಮಪ್ಪನ ಟ್ರಾಕ್ಟರು ಯಾವ ಬಣ್ಣ?" ಎಂದು ಮಾತು ಮುಂದುವರಿಸಿದರು.

ಹಲವು ಮುಷ್ಕರಗಳಲ್ಲಿ ಘೋಷಣೆ ಕೂಗಿದ್ದೇನೆ. ಮೌನ ಮುರಿದ ಮೊದಲ ಮಾತನ್ನೇ ಇನ್ನೊಬ್ಬರ ಪರವಾಗಿ ಆಡಿದ ಆ ಮಗುವಿಗೆ ಸಮನಾದ ಹೋರಾಟಗಾರರನ್ನು ಹೆಚ್ಚು ಕಂಡಿಲ್ಲ. ಸ್ನೇಹ ಈಗ ಸರ್ಕಾರಿ ಶಾಲೆಯ ಎರಡನೇ ತರಗತಿಯಲ್ಲಿದ್ದಾಳೆ; ಅವಳ ಮಾತು ನಿಲ್ಲಿಸುವುದೇ ಕಷ್ಟವೆಂದು ಮೇಷ್ಟರು ದೂರುತ್ತಾರೆ.

ಸೋಮಮ್ಮನವರಿಗೆ ವಿಶ್ರಾಂತಿ ಕೋರುವಷ್ಟು ನಾವು ಉದಾರಿಗಳಲ್ಲ. ಹೊಸದಾಗಿ ಕೆಲಸಕ್ಕೆ ಸೇರುವ ಹೆಣ್ಣುಮಕ್ಕಳಿಗೆ ನಮ್ಮ ಬಳಗದ ಮನೆಯಲ್ಲಿ ಅವರು ಪಾಠ ಮಾಡಬೇಕೆಂದು ಮೊನ್ನೆ ಕೇಳಿಕೊಂಡೆ.

"ನಾನೇನ್ ಕಲ್ಸದಪ್ಪ, ಮಗಿ ಮಾತಾಡ್ವಾಗ ಸುಮ್ನಿದ್ದು ಕೇಳಿಸ್ಕಳಿ ಅಂತ ಏಳದಾ?"

"ಅಷ್ಟೇ ಸಾಕು" ಎಂದೆ.

"ಅಷ್ಟು ಕಲ್ಸಕೇ ಬೋ ವರ್ಷ ಇಡೀತದೆ ಕಣಪ್ಪ" ಎಂದರು.

ಆ ವರ್ಷಗಳೆಲ್ಲ ಅವರಿಗೆ ಸಿಗಲಿ.